ಮೊಮ್ಮಗಳು ಕಲಿತು ಬಂದದ್ದು

ಹಿತ್ತಲಿನ ಒಲೆಯ ಮೇಲೆ ಹಂಡೆಯ ನೀರು ಮರಳತೊಡಗಿದಾಗ ಅಬ್ದುಲರಜಾಕ ಮತ್ತೊಮ್ಮೆ ಅದೇ ನಂಬರಿಗೆ ಫೋನ್ ಹಚ್ಚಿದ. ಈ ಸಲ ಎತ್ತಿದರು.

“ಚಾಚಾ, ಅಮ್ಮಾನ್ನ ಹುಬ್ಬಳ್ಳಿಗೆ ಕರಕೊಂಡು ಬಂದೇವ್ರಿ. ನಿನ್ನೆ ಕಣ್ಣಿನ ಆಪರೇಶನ್ ಆಗೇತಿ. ಬಗ್ಗಬಾರದು, ನೀರು ಮುಟ್ಟಬಾರದು ಅಂದಾರ,” ಎಂದಿತು ಆ ಕಡೆಯಿಂದ ಮುದುಕಿಯ ಮನೆಯವರ ದನಿ.

ಅಬ್ದುಲರಜಾಕ ಫೋನನ್ನು ಕಿಸೆಗೆ ಹಾಕಿ ಗೋಡೆಗೆ ಒರಗಿದ. ಬ್ಯಾಡಗಿಯ ಅವರ ಓಣಿಯಲ್ಲಿ ತೀರಿಹೋದ ಹೆಣ್ಣುಮಕ್ಕಳಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದವಳು ಆ ಮುದುಕಿ ಒಬ್ಬಳೇ. ಒಳಗೆ ಅವನ ತಾಯಿ ಮೈಮುನಾಬಿ ಚಾದರ ಹೊದ್ದು ಮಲಗಿದ್ದಳು. ಬೆಳಗಿನ ನಮಾಜಿಗೆ ಎಬ್ಬಿಸಲು ಹೋದ ಅವನ ಹೆಂಡತಿ ಬೇನಜೀರ, ಅತ್ತೆಯ ಕೈ ತಣ್ಣಗಾದದ್ದು ಕಂಡು ಕೂಗಿಕೊಂಡಿದ್ದಳು. ಮೈಮುನಾಬಿ ನರಳಲಿಲ್ಲ, ಯಾರಿಂದಲೂ ಸೇವೆ ಮಾಡಿಸಿಕೊಳ್ಳಲಿಲ್ಲ. ಹಿಂದಿನ ದಿನ ಕೂಡ ಕಟ್ಟೆಯ ಮೇಲೆ ಕೂತು, ಓಣಿಯ ಹೆಂಗಸರ ಜೊತೆ ಮಾತಾಡುತ್ತ ಮೆಣಸಿನಕಾಯಿಯ ತೊಟ್ಟು ಬಿಡಿಸಿದ್ದಳು. ಮಧ್ಯಾಹ್ನದ ನಮಾಜಿನ ನಂತರ ಮಣ್ಣು ಎಂದು ಮಸೀದಿಯಲ್ಲಿ ಸಾರಿಯೂ ಆಗಿತ್ತು.

“ಏನಂದ್ರು?” ಐರಣಿಯಿಂದ ಬಂದಿದ್ದ ಅಕ್ಕ ಹುಸೇನಬಿ ಬಾಗಿಲಲ್ಲಿ ನಿಂತು ಕೇಳಿದಳು.

“ಬರಾಕ ಆಗೂದಿಲ್ಲಂತ, ಆಪಾ.”

“ಯಾ ಅಲ್ಲಾ! ಮತ್ತ ಯಾರು ಮಾಡಸ್ತಾರ? ನನಗಂತೂ ಪದ್ಧತಿ ಗೊತ್ತಿಲ್ಲ. ಗೊತ್ತಿದ್ರೂ ಅಮ್ಮಾನ್ನ ಹಂಗ ನೋಡಿ ನನ್ನ ಕೈ ಏಳೂದಿಲ್ಲ.”

“ಹಾವೇರ್ಯಾಗ ಒಬ್ಬಾಕಿ ಅದಾಳಂತ. ಮದುವಿಗೆ ಹೋಗ್ಯಾಳ. ಬರೂದು ಸಂಜಿ ಆಕ್ಕೈತಿ.”

ಅವನು ಬೇನಜೀರಳ ಕಡೆ ನೋಡಿದ. ಅವಳು ತಲೆ ತಗ್ಗಿಸಿದಳು. ಕೂಡಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೀರು ತಂದು ಕೊಡುವವರು ಬೇಕಾದಷ್ಟು ಮಂದಿ ಇದ್ದರು. ಮುಂದೆ ನಿಂತು ಮಾಡಿಸುವವರು ಮಾತ್ರ ಯಾರೂ ಇರಲಿಲ್ಲ.

ಅಷ್ಟರಲ್ಲಿ ಓಣಿಯ ಬಾಯಿಗೆ ಆಟೋ ಬಂದು ನಿಂತಿತು. ಅವನ ಮಗಳು ಮುಸ್ಕಾನ್ ಇಳಿದಳು. ಜರ್ಮನಿಯಲ್ಲಿ ಓದಿ ಬಂದು, ರಾಣೇಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಬೀಜ ಪರೀಕ್ಷೆಯ ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಅವಳು ಯಾರೊಡನೆಯೂ ಮಾತಾಡದೆ ಒಳಗೆ ಹೋಗಿ, ಅಜ್ಜಿಯ ಪಕ್ಕ ಕೂತು, ಹಣೆಯ ಮೇಲೆ ಅಂಗೈ ಇಟ್ಟಳು.

“ಕಣ್ಣಾಗ ಒಂದು ಹನಿ ಇಲ್ಲ ನೋಡು,” ಹುಸೇನಬಿ ಪಿಸುಗುಟ್ಟಿದಳು. “ಪರದೇಶದ ನೀರು ಕುಡದಾಳಲ್ಲ.”

ಅಬ್ದುಲರಜಾಕನಿಗೆ ಕೇಳಿಸಿತು. ಅಕ್ಕ ಆಡಿ ತೋರಿಸಿದ್ದನ್ನೇ ಅವನು ಇಷ್ಟು ವರ್ಷ ಮನಸ್ಸಿನಲ್ಲೇ ಇಟ್ಟುಕೊಂಡು ಹೆದರಿದ್ದ.

*

ಮುಸ್ಕಾನ್‌ಗೆ ಜರ್ಮನಿಯಲ್ಲಿ ಸೀಟು ಸಿಕ್ಕಾಗ ಅಬ್ದುಲರಜಾಕ ಆಗುವುದಿಲ್ಲವೆಂದೇ ತೀರ್ಮಾನಿಸಿದ್ದ. ಕೃಷಿ ಪದವಿಯನ್ನು ಮನೆಯಿಂದಲೇ ಓಡಾಡಿ ಮುಗಿಸಿದ ಹುಡುಗಿ. ಸಂಜೆ ಬಸ್ಸು ತಡವಾದರೆ ಅವನೇ ಸ್ಟ್ಯಾಂಡಿಗೆ ಹೋಗಿ ನಿಲ್ಲುತ್ತಿದ್ದ.

“ಅಲ್ಲಿ ನಮ್ಮವರು ಯಾರದಾರ? ನಮ್ಮ ರೀತಿ ರಿವಾಜು ಮರತು, ನಮ್ಮನ್ನೂ ಮರತು ಕುಂತ್ಲಂದ್ರ?” ಎಂದಿದ್ದ.

“ನಾ ಮರತ್ನೇನು?” ಎಂದಳು ಮೈಮುನಾಬಿ.

“ನೀ ಯಾವಾಗ ಪರದೇಶಕ್ಕ ಹೋಗಿದ್ದಿ ಅಮ್ಮಾ?”

“ಹಾವೇರಿಗೆ ಹೋಗಿದ್ದೆ.”

ಅವನು ನಕ್ಕುಬಿಟ್ಟ. ತಾಯಿ ನಗಲಿಲ್ಲ.

“ಗುತ್ತಲದಾಗ ಏಳನೇತ್ತ ಮುಗಿದ ಮ್ಯಾಲೆ ಸುಶೀಲವ್ವ ಟೀಚರು ನಮ್ಮ ಅಬ್ಬಾನ್ನ ಒಪ್ಪಿಸಿ, ಹೈಸ್ಕೂಲು ಕಲಸ್ತೇನಂತ ಹಾವೇರಿಯ ತಮ್ಮ ಮನಿಗೆ ಕರಕೊಂಡು ಹೋದ್ರು. ಅವರ ಊಟ, ಅವರ ದೇವರ ಗಂಟಿ, ಎಲ್ಲಾ ಬ್ಯಾರೆ. ಮೊದಲ ವಾರ ಓಡಿ ಬಂದುಬಿಡಬೇಕು ಅನಸ್ತು. ಆಮ್ಯಾಲೆ ಅವರ ಅತ್ತಿ ದಿನಾ ಸಂಜೀಕ ‘ಮೈಮುನಾ, ನಿನ್ನ ನಮಾಜಿನ ಹೊತ್ತಾತಲ್ಲವಾ’ ಅಂತ ಕರೀತಿದ್ರು. ಮನ್ಯಾಗಿದ್ದಾಗ ನಮ್ಮವ್ವ ಬೈದ್ರ ನಮಾಜ ಮಾಡ್ತಿದ್ದೆ. ಅಲ್ಲಿ ನಾನಾಗೇ ಮಾಡಾಕ ಕಲತೆ. ವರ್ಷದಾಗ ಮದುವಿ ಅಂತ ವಾಪಸ ಕರಕೊಂಡು ಬಂದ್ರು. ಇನ್ನೊಂದೆರಡು ವರ್ಷ ಬಿಟ್ಟಿದ್ರ...” ಅವಳು ಮಾತು ಅಲ್ಲಿಗೇ ಬಿಟ್ಟಳು. “ಹುಡುಗೀನ ಕಳಸು ರಜಾಕ. ನನಗಿಂತ ಶಾಣ್ಯಾ ಅದಾಳ.”

ಕಳಿಸಿದ. ಫೋನಿನಲ್ಲಿ ಅವನು ಕೇಳುತ್ತಿದ್ದುದು ಎರಡೇ, ಊಟ ಏನು, ನಮಾಜು ಮಾಡಿದೆಯಾ. “ಹೂಂ ಅಬ್ಬಾ,” ಎನ್ನುತ್ತಿದ್ದಳು ಮಗಳು. ಆಮೇಲೆ ಫೋನು ಅವಳು ದಾದಿ ಎನ್ನುತ್ತಿದ್ದ ಅಜ್ಜಿಯ ಕೈಗೆ ಹೋಗುತ್ತಿತ್ತು. ಅವರಿಬ್ಬರ ಮಾತಿಗೆ ಕೊನೆಯಿರಲಿಲ್ಲ.

*

“ಅಬ್ಬಾ,” ಮುಸ್ಕಾನ್ ಹಿತ್ತಲಿಗೆ ಬಂದಿದ್ದಳು. ತೋಳು ಮಡಿಚುತ್ತಿದ್ದಳು. “ದಾದಿಗೆ ನಾ ಸ್ನಾನ ಮಾಡಸ್ತೇನಿ.”



“ನಿನಗೇನು ಬರತೈತಿ?” ಹುಸೇನಬಿ ಕೇಳಿದಳು. “ಇದು ಲ್ಯಾಬಿನ ಕೆಲಸ ಅಲ್ಲವಾ.”

“ಅಲ್ಲೇ ಕಲತೇನಿ, ಫುಪ್ಪು.” ಮುಸ್ಕಾನ್ ದನಿ ಏರಿಸಲಿಲ್ಲ. “ನಮ್ಮ ಕೆಳಗಿನ ಮನ್ಯಾಗ ಬೋಸ್ನಿಯಾದ ಒಬ್ಬಾಕಿ ಅಜ್ಜಿ ಇದ್ಲು. ಒಬ್ಬಾಕಿನ ಇರ್ತಿದ್ಲು. ಸಂತಿಗೆ ನಾನ ಕರಕೊಂಡು ಹೋಗ್ತಿದ್ದೆ. ಚಳಿಗಾಲದಾಗ ತೀರಿಕೊಂಡ್ಲು. ಆ ಊರಾಗ ನಮ್ಮ ಮಂದಿ ಬೆರಳೆಣಿಕಿ. ಮಸೀದಿಯಿಂದ ಒಬ್ಬ ತುರ್ಕಿ ಹೆಣ್ಣುಮಗಳು ಬಂದು, ಜತಿಗೆ ಯಾರರ ಬರ್ರಿ ಅಂದ್ಲು. ಯಾರೂ ಇರಲಿಲ್ಲ. ಹೋಗ್ಲೋ ಬ್ಯಾಡೋ ಅಂತ ದಾದಿಗೆ ಫೋನ್ ಮಾಡಿದೆ.”

“ಏನಂದ್ಲು?” ಅಬ್ದುಲರಜಾಕ ಕೇಳಿದ.

“‘ಆಕಿಗೂ ಮೊಮ್ಮಗಳು ಇದ್ದಿದ್ರ ಮಾಡತಿದ್ಲು, ಹೋಗು’ ಅಂದ್ಲು. ಹೋದೆ. ಆಮ್ಯಾಲೆ ಅವರು ಮತ್ತ ಮತ್ತ ಕರದ್ರು. ನಿಮಗ ಹೇಳಿದ್ರ ಹೆದರತೀರಿ ಅಂತ ಇಬ್ಬರೂ ಸುಮ್ಮನಿದ್ವಿ.”

ಹುಸೇನಬಿ ಇನ್ನೂ ಅನುಮಾನದಲ್ಲಿದ್ದಳು. “ಆ ದೇಶದ ಪದ್ಧತಿ ಬ್ಯಾರೆ ಇದ್ರ?” ಅಬ್ದುಲರಜಾಕ ಮೌಲಾನಾರಿಗೆ ಫೋನ್ ಮಾಡಿದ. ಮುಸ್ಕಾನ್ ಮಾಡುವ ಕ್ರಮವನ್ನು ಒಂದೊಂದಾಗಿ ಹೇಳಿದಳು. ಮೌಲಾನಾ ಪೂರ್ತಿ ಕೇಳಿ, “ಸರಿಯಾಗೇ ಐತಿ. ಗೊತ್ತಿದ್ದ ಮೊಮ್ಮಗಳ್ನ ಮನ್ಯಾಗ ಇಟಗೊಂಡು ಊರೆಲ್ಲಾ ಯಾಕ ಹುಡುಕಾಕತ್ತೀರಿ?” ಎಂದರು.

ಮುಸ್ಕಾನ್ ಕರ್ಪೂರ, ಹತ್ತಿ, ಸಾಬೂನು ತರಿಸಿದಳು. ನೀರಿಗೆ ಮೊಣಕೈ ಅದ್ದಿ ನೋಡಿ, ಇನ್ನಷ್ಟು ತಣ್ಣೀರು ಬೆರೆಸಿದಳು. ಬಾಗಿಲು ಮುಚ್ಚಿತು.

ಅಬ್ದುಲರಜಾಕ ಹೊರಗೆ ಕಟ್ಟೆಯ ಮೇಲೆ ಕೂತ. ಆಗಲೇ ಹಾವೇರಿಯಿಂದ ಮೀನಾಕ್ಷಿ ಬಂದರು. ಸುಶೀಲವ್ವ ಟೀಚರ ಮಗಳು. ಅವರಿಗೂ ತಲೆ ಪೂರ್ತಿ ಬೆಳ್ಳಗಾಗಿತ್ತು.

“ಬರ್ರಿ ಅಕ್ಕಾರ, ಕುಂದ್ರಿ. ಒಳಗ ಸ್ನಾನ ನಡದೈತಿ.”

“ಯಾರು ಮಾಡಸಾಕತ್ತಾರ?”

“ಮುಸ್ಕಾನ್.”

ಮೀನಾಕ್ಷಿ ಸೆರಗಿನಿಂದ ಕಣ್ಣೊರೆಸಿಕೊಂಡರು. “ಮೈಮುನಕ್ಕ ನಮ್ಮ ಮನಿಗೆ ಬಂದಾಗ ನಾನಿನ್ನ ಸಣ್ಣಾಕಿ. ರಾತ್ರಿ ಚಾದರ ಹೊದ್ದುಕೊಂಡು ಅಳತಿದ್ಲು. ಆಮ್ಯಾಲೆ ಆಕಿ ಹೊಂಟ ದಿನ ನಾವೆಲ್ಲಾ ಅತ್ವಿ. ಆಕಿ ಕಲಿಸಿದ್ದ ಉಪ್ಪಿಟ್ಟು ನಾ ಈಗೂ ಮಾಡ್ತೇನಿ.”

“ಉಪ್ಪಿಟ್ಟು ನಿಮ್ಮ ಮನಿಯವರು ಆಕೀಗೆ ಕಲಿಸಿದ್ದಲ್ಲೇನ್ರಿ? ಅಮ್ಮ ಹಂಗ ಹೇಳತಿದ್ಲು.”

“ಹೌದೇನು?” ಮೀನಾಕ್ಷಿ ಅಳುವಿನ ನಡುವೆಯೇ ನಕ್ಕರು. “ಯಾರು ಯಾರಿಗೆ ಕಲಿಸಿದ್ವೋ ಏನೋ.”

ಒಳಗಿನಿಂದ ಮುಸ್ಕಾನ್‌ಳ ದನಿ ಕೇಳುತ್ತಿತ್ತು. “ಫುಪ್ಪು, ಬಲಗಡೆಯಿಂದ. ಮೆಲ್ಲಕ. ದಾದಿಗೆ ನೋವಾಗಬಾರದು.” ಸ್ವಲ್ಪ ಹೊತ್ತಿಗೆ, “ಅಮ್ಮಿ, ತಲಿ ಎತ್ತಿ ಹಿಡಿ. ಹಾಂ, ಅಷ್ಟ.” ಹೆದರಿ ಹಿಂದೆ ನಿಂತಿದ್ದ ಅಕ್ಕನೂ ಹೆಂಡತಿಯೂ ಆ ದನಿಯ ಹಿಂದೆ ಹಿಂದೆ ಹೋಗುತ್ತಿದ್ದುದು ಅವನಿಗೆ ಗೊತ್ತಾಗುತ್ತಿತ್ತು. ನೀರು ಬೀಳುವ ಸದ್ದು ಒಂದೇ ಸಮ ಬರುತ್ತಿತ್ತು.

ಬಾಗಿಲು ತೆರೆದು ಅವನನ್ನು ಕರೆದರು. ಬಿಳಿಯ ಬಟ್ಟೆಯ ನಡುವೆ ತಾಯಿಯ ಮುಖ ಶುಚಿಯಾಗಿ, ಈಗಷ್ಟೇ ಮಿಂದು ಮಲಗಿದವಳಂತೆ ಇತ್ತು. ಕರ್ಪೂರದ ವಾಸನೆ ಬರುತ್ತಿತ್ತು. ಮುಸ್ಕಾನ್‌ಳ ಕುರ್ತಾ ಮೊಣಕಾಲವರೆಗೆ ಒದ್ದೆ. ಎಲ್ಲ ಮುಗಿಸಿದ ಮೇಲೆ ಈಗ ಅವಳು ಅಳುತ್ತಿದ್ದಳು, ಬಿಕ್ಕಿ ಬಿಕ್ಕಿ, ಸಣ್ಣವಳಿದ್ದಾಗ ಅಳುತ್ತಿದ್ದಂತೆಯೇ. ಅಬ್ದುಲರಜಾಕ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡ.

“ನಾನೂ ಇಷ್ಟು ಚೆಂದ ಮಾಡಸ್ತಿದ್ದಿಲ್ಲ ಬೇಟಾ,” ಎಂದ. ಗಂಡಸಾದ ತಾನು ಆ ಕೆಲಸ ಮಾಡುವಂತೆಯೇ ಇಲ್ಲವೆಂಬುದು ಆಮೇಲೆ ನೆನಪಾಯಿತು.

ಹೊತ್ತಿಗೆ ಸರಿಯಾಗಿ ಜನಾಜಾ ಹೊರಟಿತು. ಅವನು ತಾಯಿಗೆ ಹೆಗಲು ಕೊಟ್ಟು ನಡೆದ.

*

ಮಣ್ಣು ಮುಗಿಸಿ, ಮಸೀದಿಯಲ್ಲಿ ಕೂತಿದ್ದು, ಸಂಜೆ ಅವನು ಮನೆಗೆ ಬಂದಾಗ ನಡುಮನೆಯಿಂದ ಹೆಂಗಸರ ದನಿ ಬರುತ್ತಿತ್ತು. ನೆರೆಮನೆಯವರು ತಂದ ಊಟದ ಡಬ್ಬಿಗಳು ಖಾಲಿಯಾಗಿ ಒಂದು ಮೂಲೆಗೆ ಸರಿದಿದ್ದವು. ಓಣಿಯ ಹೆಂಗಸರು ಸುತ್ತ ಕೂತಿದ್ದರು. ಅವರ ನಡುವೆ ಮೀನಾಕ್ಷಿಯೂ ಗೋಡೆಗೆ ಒರಗಿ ಕೂತು ಕತ್ತು ಚಾಚಿ ನೋಡುತ್ತಿದ್ದರು. ಚಾಪೆಯ ಮೇಲೆ ಹುಸೇನಬಿ ಅಂಗಾತ ಮಲಗಿದ್ದಳು. ಮುಸ್ಕಾನ್ ಒಂದು ಹಳೆಯ ಬೆಡ್‌ಶೀಟನ್ನು ತೀರಿಹೋದವರಿಗೆ ಬಿಳಿ ಬಟ್ಟೆ ಸುತ್ತುವ ಕ್ರಮದಲ್ಲಿ ಅವಳ ಮೇಲೆ ಎಡದಿಂದ ಮಡಿಚಿ, ಬಲದಿಂದ ಮಡಿಚಿ ತೋರಿಸುತ್ತಿದ್ದಳು.

“ಇನ್ನೊಮ್ಮೆ ತೋರಸವಾ, ಈ ಕಡೆಯವರಿಗೆ ಕಾಣಲಿಲ್ಲ,” ಎಂದಳು ಒಬ್ಬಳು.

ಮುಸ್ಕಾನ್ ಕಾಲಿನ ಹತ್ತಿರ ಗಂಟು ಹಾಕಲು ಬಗ್ಗಿದಳು.

“ಬಿಗೀಬ್ಯಾಡ, ಬಿಗೀಬ್ಯಾಡ,” ಹುಸೇನಬಿ ಬೆಡ್‌ಶೀಟಿನೊಳಗಿನಿಂದ ಕೈ ಹೊರಗೆ ತೆಗೆದು ಮುಸ್ಕಾನ್‌ಳ ಕೆನ್ನೆ ತಟ್ಟಿದಳು. “ನಾ ಇನ್ನೂ ಎದ್ದು ಚಾ ಕುಡೀಬೇಕು.”