ಹಳಿಯ ಮೇಲೆ ಕೆಮ್ಮುವ ವ್ಯಾನು

ಮಕ್ಕಳನ್ನು ಶಾಲೆಗೆ ಬಿಡುವ ವ್ಯಾನು ನನ್ನದು. ಮೈಯೆಲ್ಲ ತೇಪೆ, ಬಾಯಿ ಮಾತ್ರ ಜೋರು, ಥೇಟ್ ನಿನ್ನ ಹಾಗೇ ಎನ್ನುತ್ತಾರೆ ನಮ್ಮ ಮನೆಯವರು. ಆವತ್ತು ಬೆಳಿಗ್ಗೆ ಆ ಬಾಯಿಬಡುಕಿ ರೈಲ್ವೆ ಗೇಟಿನಲ್ಲಿ, ಸರಿಯಾಗಿ ಹಳಿಗಳ ನಡುವೆ, ಖಕ್ ಖಕ್ ಎಂದು ಕೆಮ್ಮಿ ಆರಿಹೋಯಿತು. ಹಿಂದೆ ಒಂದು ಹಿಂಡು ಮಕ್ಕಳು, ಪಕ್ಕದ ಸೀಟಿನಲ್ಲಿ ನನ್ನ ಮಗಳು ಪುಟ್ಟಿ. ಮಕ್ಕಳಿಗೆ ಅದೊಂದು ಆಟ, ಹೋ ಎಂದು ನಕ್ಕವು. ಕೀಲಿ ತಿರುಗಿಸಿ ತಿರುಗಿಸಿ ಕಡೆಗೂ ಹೇಗೋ ಸ್ಟಾರ್ಟ್ ಆಯಿತು. ನಾವು ದಾಟಿದೆವು, ಗೇಟು ಬಿತ್ತು, ರೈಲು ಹೋಯಿತು. ಅದರ ಗಾಳಿ ಈಗಲೂ ನನ್ನ ಕತ್ತಿಗೆ ತಾಗಿದಂತಾಗುತ್ತದೆ.

ಶಾಲೆಗೆ ಬೇರೆ ದಾರಿಯಿಲ್ಲ. ಸಂಜೆಯೇ ವ್ಯಾನನ್ನು ಸೋದರಮಾವನ ಗ್ಯಾರೇಜಿಗೆ ಒಯ್ದೆ. ಈ ವ್ಯಾನಿನ ಎಂಜಿನ್ ಇರುವುದು ಮುಂದಿನ ಸೀಟುಗಳ ಅಡಿಯಲ್ಲಿ. ಪಕ್ಕದ ಸೀಟನ್ನು ಎತ್ತಿ ಹಿಂದಕ್ಕೆ ಮಡಚಿದರಷ್ಟೇ ಅದರ ಮುಖದರ್ಶನ. ಮಾವ ಸೀಟು ಎತ್ತಿದರು. ಎಂಜಿನ್ ಒಳ್ಳೇ ಹುಡುಗಿಯ ಹಾಗೆ ಓಡಿತು. ಪ್ಲಗ್ ಬದಲಿಸಿದರು, ಕಾರ್ಬುರೇಟರ್ ತೊಳೆದರು, ಒಬ್ಬರೇ ಒಂದು ಸುತ್ತು ಹೊಡೆದು ಬಂದರು. ಟ್ರಯಲ್‌ಗೆ ಹೋಗುವಾಗ ಪಕ್ಕದಲ್ಲಿ ಯಾರನ್ನೂ ಕೂರಿಸಿಕೊಳ್ಳುವುದಿಲ್ಲ ಎನ್ನುವುದು ಅವರ ಶಾಸ್ತ್ರ.

“ಪಕ್ಕದಲ್ಲಿ ಮಾತಾಡೋರಿದ್ರೆ ಎಂಜಿನ್ ಮಾತು ಕೇಳ್ಸಲ್ಲ. ಅದ್ರಲ್ಲೂ ನೀನಂತೂ ಬೇಡವೇ ಬೇಡ,” ಎಂದರು. ಆಮೇಲೆ ಕೈ ಒರೆಸಿಕೊಳ್ಳುತ್ತಾ, “ಗಾಡೀಲಿ ಏನೂ ಇಲ್ಲ ಕಣೇ. ಮಿಸ್ಸಿಂಗ್ ಹೊಡೀತಿರೋದು ಎಂಜಿನ್ನಲ್ಲ, ನಿನ್ನ ಎದೆ,” ಎಂದು ನಕ್ಕರು.

ಮರುದಿನ ಹಳಿಯ ಮೇಲೆ ಮತ್ತೆ ಖಕ್. ಪುಣ್ಯಕ್ಕೆ ಆರಲಿಲ್ಲ. ಮತ್ತೆ ಗ್ಯಾರೇಜು, ಮತ್ತೆ ಸೀಟು ಎತ್ತುವುದು, ಮತ್ತೆ ಅದೇ ನಗು. ಹೆದರಿದವಳ ಮೇಲೆ ಹಾವು ಎಸೆದ ಹಾಗೆ. ಆ ವಾರವಿಡೀ ಗೇಟು ಹತ್ತಿರವಾಗುತ್ತಿದ್ದಂತೆ ಅಂಗೈ ಬೆವತು ಸ್ಟೀರಿಂಗ್ ಜಾರುತ್ತಿತ್ತು. ಬಾಗಿಲಲ್ಲಿ ನಿಂತು ಟಾಟಾ ಮಾಡುವ ತಾಯಂದಿರ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಶನಿವಾರ ಮಕ್ಕಳನ್ನೆಲ್ಲ ಮನೆ ಸೇರಿಸಿದ ಮೇಲೆ ಖಾಲಿ ವ್ಯಾನಿನಲ್ಲಿ ಮಾವನ ಬಳಿ ಹೋದೆ. ಅವರು ಸ್ಟೀರಿಂಗ್ ಹಿಡಿದರು. ನಾನು ಪಕ್ಕದ ಬಾಗಿಲು ತೆಗೆದೆ.

“ಬೇಡ ಅಂದ್ನಲ್ಲ!”

“ನಿಮ್ಮ ಶಾಸ್ತ್ರಕ್ಕಿಷ್ಟು ಬೆಂಕಿ ಬೀಳ! ಸೋಮವಾರ ಮಕ್ಕಳನ್ನ ಕಟ್ಕೊಂಡು ಹಳಿ ದಾಟೋಳು ನಾನು, ನೀವಲ್ಲ. ನಡೀರಿ ಗೇಟಿಗೆ.”

ಮಾವ ಮುಖ ಗಂಟಿಕ್ಕಿಕೊಂಡು ಹೊರಟರು. ದಾರಿಯುದ್ದಕ್ಕೂ ನಾನು ಎಂಜಿನ್ನಿನ ಮಾತಿಗೇ ಕಿವಿ ಕೊಟ್ಟು ಕೂತೆ. ಮುಂದಿನ ಚಕ್ರ ಹಳಿಗೆ ಬಡಿದು ದಡಕ್ ಎಂದಿತು. ಖಕ್. ಇನ್ನೊಮ್ಮೆ ದಡಕ್. ಖಕ್ ಖಕ್. ಆರಿಹೋಯಿತು.

ಮಾವ ಕೀಲಿ ತಿರುಗಿಸಿದರು. ಕುರ್ ಕುರ್ ಎಂದಿತೇ ಹೊರತು ಹತ್ತಿಕೊಳ್ಳಲಿಲ್ಲ. ಅಷ್ಟರಲ್ಲಿ ಗೇಟಿನ ಗಂಟೆ ಹೊಡೆಯತೊಡಗಿತು. ಗೇಟಿನವನು ಕೆಂಪು ಬಾವುಟ ಬೀಸುತ್ತಾ ಓಡಿ ಬಂದ. “ಇಳೀರಿ! ಗಾಡಿ ಬಿಟ್ಟು ಇಳೀರಿ!”

ಮಾವನ ಮುಖದಲ್ಲಿ ರಕ್ತವಿರಲಿಲ್ಲ. ಇಳಿಯಲೂ ಆಗದೆ, “ಹತ್ಕೋತಿಲ್ಲ, ಹತ್ಕೋತಿಲ್ಲ,” ಎಂದು ಕೀಲಿಯನ್ನೇ ತಿರುವುತ್ತಿದ್ದರು. ನಾನು ಧುಮುಕಿ ಹಿಂದಕ್ಕೆ ಓಡಿ, ವ್ಯಾನಿಗೆ ಭುಜ ಕೊಟ್ಟು ತಳ್ಳಿದೆ. ದೂರದಲ್ಲಿ ರೈಲು ಕೂಗಿತು. ನಾನೂ ಕೂಗಿದೆ, ಏನೆಂದು ಕೂಗಿದೆನೋ ದೇವರೇ ಬಲ್ಲ. ಆಗ ಎಂಜಿನ್ ಒಮ್ಮೆಲೇ ಗುರ್ ಎಂದು ಎದ್ದಿತು. ವ್ಯಾನು ಮುಂದಕ್ಕೆ ಹಾರಿತು. ಆಸರೆ ತಪ್ಪಿ ನಾನು ಹಳಿಯ ಮೇಲೆ ಮುಗ್ಗರಿಸಿ ಬಿದ್ದೆ. ಗೇಟಿನವನು ನನ್ನ ರಟ್ಟೆ ಹಿಡಿದು ಆಚೆಗೆ ಎಳೆದ. ಚಪ್ಪಲಿಯೊಂದು ಅಲ್ಲೇ ಉಳಿಯಿತು. ರೈಲು ಧಡಧಡನೆ ಹೋಯಿತು.

ಮಾವ ಸ್ಟೀರಿಂಗ್‌ಗೆ ಹಣೆ ಹಚ್ಚಿ ಕೂತಿದ್ದರು. ಎಂಜಿನ್ ಮಾತ್ರ ಏನೂ ಆಗದವರ ಹಾಗೆ ಸಲೀಸಾಗಿ ಓಡುತ್ತಿತ್ತು. ಅಳುತ್ತಾ, ಬೈಯುತ್ತಾ ವ್ಯಾನಿನ ಬಳಿಗೆ ಹೋದೆ. ಹತ್ತಿ ಪಕ್ಕದ ಸೀಟಿನ ಮೇಲೆ ಧೊಪ್ಪನೆ ಕುಸಿದೆ.

ಖಕ್.

ಹೆದರಿ ಎದ್ದೆ. ಸಲೀಸು. ಮತ್ತೆ ಕೂತೆ. ಖಕ್. ಮಾವ ತಲೆ ಎತ್ತಿ ನನ್ನನ್ನು ನೋಡಿದರು.

ಎಂಜಿನ್ ಆರಿಸಿ ಸೀಟು ಎತ್ತಿದೆವು. ಈ ಸಲ ಮಾವ ಎಂಜಿನ್ ಬಿಟ್ಟು ಸೀಟಿನ ಅಡಿಭಾಗ ನೋಡಿದರು. ಸೀಟನ್ನು ಎತ್ತರದಲ್ಲಿ ಹಿಡಿದಿಡಬೇಕಾದ ರಬ್ಬರ್ ಗುಬುಟುಗಳು ಎಂದೋ ಸವೆದು ಉದುರಿಹೋಗಿದ್ದವು. ಮೇಲೆ ಯಾರಾದರೂ ಕೂತು ವ್ಯಾನು ಕುಲುಕಿದರೆ ಸೀಟಿನ ಕಬ್ಬಿಣ ಹೋಗಿ ಕೆಳಗಿನ ದಪ್ಪ ವೈರನ್ನು ಅಮುಕುತ್ತಿತ್ತು. ಎಲ್ಲ ಪ್ಲಗ್‌ಗಳಿಗೂ ಕಿಡಿ ಹೋಗುವುದು ಅದೊಂದರಿಂದಲೇ. ಅದರ ಸಿಪ್ಪೆ ಬಿರಿದು, ಪಕ್ಕದಲ್ಲಿ ಕಬ್ಬಿಣ ಸುಟ್ಟ ಕಪ್ಪು ಕಲೆಯಿತ್ತು.

“ಕಿಡಿಯೆಲ್ಲ ಇಲ್ಲೇ ಸೋರ್ತಿತ್ತು,” ಎಂದರು ಮಾವ. “ನೋಡೋಣ ಅಂತ ಸೀಟು ಎತ್ತಿದಾಗೆಲ್ಲ ರೋಗಾನೂ ಜೊತೇಲೇ ಎತ್ತಿಡ್ತಿದ್ದೆ. ಟ್ರಯಲ್‌ಗೂ ಪಕ್ಕದಲ್ಲಿ ಯಾರನ್ನೂ ಕೂರಿಸ್ಲಿಲ್ಲ.”

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ! ಎಂದು ಬೈಯಲು ಬಾಯಿ ತೆರೆದೆ. ಮಾವ ಮೆಲ್ಲಗೆ ಕೇಳಿದರು, “ಇಲ್ಲಿ ದಿನಾ ಯಾರು ಕೂರ್ತಾರೆ?”

“ಪುಟ್ಟಿ,” ಎಂದೆ. ಹೋದ ತಿಂಗಳವರೆಗೂ ಅವಳು ಹಿಂದೆಯೇ ಕೂರುತ್ತಿದ್ದಳು. ಕಣ್ಣೆದುರಿಗೇ ಇರಲಿ ಎಂದು ನಾನೇ ಮುಂದೆ ತಂದು ಕೂರಿಸಿದ್ದೆ.

ಹೊಸ ವೈರ್ ಬಿತ್ತು, ಹೊಸ ರಬ್ಬರ್ ಬಿತ್ತು. ಸೋಮವಾರ ಪುಟ್ಟಿ ಸೀಟಿನ ಮೇಲೆ ಕುಣಿದರೂ ಎಂಜಿನ್ ತಾಳ ತಪ್ಪಲಿಲ್ಲ. ಆದರೂ ಗೇಟು ಕಂಡೊಡನೆ ನನ್ನ ಕಾಲು ತಾನೇ ಬ್ರೇಕ್ ಒತ್ತಿತು. ಗೇಟಿನ ಪಕ್ಕದಲ್ಲಿ, ಗ್ಯಾರೇಜು ತೆರೆಯಬೇಕಾದ ಹೊತ್ತಿನಲ್ಲಿ, ಎಣ್ಣೆ ಅಂಗಿಯ ಮಾವ ನಿಂತಿದ್ದರು.

“ಗಾಡಿ ಸರಿಯಾಗಿದೆ ಕಣೇ, ನನ್ನಾಣೆ,” ಎಂದರು. “ಆದ್ರೂ ಇವತ್ತೊಂದಿನ ಮಕ್ಕಳನ್ನ ಇಳ್ಸು.”

ಸಾಲಾಗಿ ಮಕ್ಕಳನ್ನು ನಡೆಸಿಕೊಂಡು, ಪುಟ್ಟಿಯ ಕೈ ಹಿಡಿದು ಮಾವ ಹಳಿ ದಾಟಿದರು. ಹಿಂದೆ ನಾನು ಖಾಲಿ ವ್ಯಾನು ತಂದೆ. ಅದು ಒಂದು ಸಲವೂ ಕೆಮ್ಮಲಿಲ್ಲ.

ಪುಟ್ಟಿ ಹತ್ತಿ ಕೂತು ಕೇಳಿದಳು, “ಅಮ್ಮಾ, ತಾತನ ಕೈ ಯಾಕೆ ಅಷ್ಟೊಂದು ನಡುಗ್ತಿತ್ತು?”

“ಚಳಿ ಕಣೇ,” ಎಂದೆ. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು.