ಊಟಕ್ಕೆ ಸೊನ್ನೆ

ಹನ್ನೆರಡು ಬಾಡಿಗೆ ಸೈಕಲ್ಲಿಗೆ ಎರಡು ದಿನಕ್ಕೆ ಮೂವತ್ತು ರೂಪಾಯಿ. ಸೊಲ್ಯೂಷನ್ನು, ಪ್ಯಾಚು ಒಂದೂವರೆ. ಕೈವಾರದ ಛತ್ರಕ್ಕೆ ಎರಡು. ದಾರಿಯ ಕಾಫಿಗೆ ಆರು. ಹೊರಡುವ ಮುಂಚೆ ಹಾರ ಹಾಕಿಕೊಂಡು ತೆಗೆಸುವ ಗ್ರೂಪ್ ಫೋಟೋಗೆ ಎಂಟು. ಒಟ್ಟು ನಲವತ್ತೇಳೂವರೆ. ನಲ್ಲಬಂಡಹಳ್ಳಿಯಲ್ಲಿ ಮಧ್ಯಾಹ್ನದ ಊಟ ಎಂದು ಬರೆದ ಸಾಲಿನ ಎದುರು ಮಾತ್ರ ರಾಮಾಂಜಿನಪ್ಪ ದುಂಡಗೆ ಒಂದು ಸೊನ್ನೆ ಸುತ್ತಿದ್ದ.

ರಾಮಲಕ್ಷ್ಮಮ್ಮ ಆ ಸೊನ್ನೆಯ ಮೇಲೆ ಬೆರಳಿಟ್ಟಳು.

"ಇದೇನು?"

"ಅದು ಊಟ. ಅದಕ್ಕೇನೂ ಖರ್ಚಿಲ್ಲ. ನಿಮ್ಮ ಮಹಿಳಾ ಮಂಡಳಿಯವರು ಹಾಕ್ತಾರಲ್ಲ."

"ಅವರು ಹಾಕಿದ್ರೆ ರಾಗಿ ಆಕಾಶದಿಂದ ಬೀಳುತ್ತೇನಪ್ಪ?"

ಶಿಡ್ಲಘಟ್ಟದ ಪೇಟೆ ಬೀದಿಯಲ್ಲಿ ಅಮಾನುಲ್ಲಾ ಸಾಬರ ಸೈಕಲ್ ಶಾಪಿನ ಮುಂದೆ ಉದಯ ಮಿತ್ರ ವೃಂದದ ಸಭೆ ನಡೆದಿತ್ತು. ಇದ್ದ ಎರಡು ಬೆಂಚಿನಲ್ಲಿ ಏಳೆಂಟು ಜನ ಕೂತಿದ್ದರು, ಉಳಿದವರು ಬಾಡಿಗೆ ಸೈಕಲ್ಲುಗಳಿಗೆ ಒರಗಿ ನಿಂತಿದ್ದರು. ಹೆಂಗಸು ಅಂತ ಇದ್ದವಳು ರಾಮಲಕ್ಷ್ಮಮ್ಮ ಒಬ್ಬಳೇ. ನಾಲ್ಕು ವರ್ಷದಿಂದ ಅವಳು ಆ ಕಡೆಯ ಹದಿನೆಂಟು ಹಳ್ಳಿಗೆ ಗ್ರಾಮಸೇವಿಕೆ. ಸರ್ಕಾರ ಕೊಟ್ಟ ಹಸಿರು ಬಣ್ಣದ ಲೇಡೀಸ್ ಸೈಕಲ್ಲು ತುಳಿದುಕೊಂಡು ಹೋಗಿ, ಗೊಬ್ಬರದ ಗುಂಡಿ ಎಣಿಸಿ, ಹೊಗೆಯಿಲ್ಲದ ಒಲೆ ಹಾಕಿಸಿ, ಆರು ಊರಲ್ಲಿ ಮಹಿಳಾ ಮಂಡಳಿ ಕಟ್ಟಿದ್ದಳು. ಕೈವಾರಕ್ಕೆ ಬಂಡಿ ಜಾಡಿನಲ್ಲಿ ಸೈಕಲ್ ಪ್ರವಾಸ ಹೋಗಬೇಕು ಎಂದು ಮಿತ್ರ ವೃಂದ ತೀರ್ಮಾನಿಸಿದಾಗ, ಆ ಜಾಡು ಗೊತ್ತಿದ್ದವರು ಪೇಟೆಯಲ್ಲಿ ಬೇರೆ ಯಾರೂ ಇರಲಿಲ್ಲ. ದಾರಿಯ ನಕ್ಷೆ ಬರೆದುಕೊಟ್ಟವಳು ಅವಳು. ಊಟಕ್ಕೆ ಮಂಡಳಿಗೆ ಹೇಳುತ್ತೇನೆ ಎಂದವಳೂ ಅವಳೇ. ಅದಕ್ಕೆ ಬದಲಾಗಿ ಪಟ್ಟಿಯಲ್ಲಿ ಹದಿಮೂರನೆಯದಾಗಿ ಅವಳ ಹೆಸರು ಸೇರಿತ್ತು. ಗುಂಡಿ ಎಣಿಸುವುದಕ್ಕಲ್ಲದೆ ಸುಮ್ಮನೆ ಗಾಳಿಗೆ ಮುಖ ಕೊಟ್ಟುಕೊಂಡು ಒಂದು ಸಲ ಸೈಕಲ್ ತುಳಿಯಬೇಕು ಎಂಬ ಆಸೆ ಅವಳಿಗಿತ್ತು. ಅದನ್ನು ಅವಳು ಯಾರ ಹತ್ತಿರವೂ ಬಾಯಿ ಬಿಟ್ಟು ಹೇಳಿರಲಿಲ್ಲ.

"ತಲೆಗೆ ಎಂಟಾಣೆ ಬರ್ಕೊಳ್ಳಿ," ಎಂದಳು. "ಹನ್ನೆರಡು ಜನಕ್ಕೆ ಆರು ರೂಪಾಯಿ. ನಂದು ನಾನೇ ಕೊಟ್ಕೋತೀನಿ."

ರಾಮಾಂಜಿನಪ್ಪ ಸುತ್ತಲೂ ನೋಡಿ ನಕ್ಕ. ಅವನು ಮಿತ್ರ ವೃಂದದ ಕಾರ್ಯದರ್ಶಿ. ಅವನಪ್ಪನಿಗೆ ತಾಲ್ಲೂಕು ಬೋರ್ಡಿನಲ್ಲಿ ಕುರ್ಚಿ, ಊರ ಸುತ್ತ ಮೂವತ್ತು ಎಕರೆ ಜಮೀನು. "ಹಳ್ಳಿ ಜನ ಊಟ ಹಾಕಿ ಕಾಸು ತಗೋತಾರೇನಮ್ಮ? ಕೊಡಕ್ಕೆ ಹೋದ್ರೆ ಅವಮಾನ ಆಗುತ್ತೆ ಅವರಿಗೆ."

"ಅವಮಾನ ಆಗುತ್ತೆ ಅಂತ ಅವರು ಹೇಳಿದ್ರಾ, ನೀವೇ ಹೇಳ್ತಿದ್ದೀರಾ?"

"ಗೊಬ್ಬರದ ಗುಂಡಿ ತೋಡ್ಸಿ ತೋಡ್ಸಿ ಇವಮ್ಮಂಗೆ ಎಲ್ಲ ಕಡೆ ಗುಂಡಿನೇ ಕಾಣುತ್ತೆ ಕಣ್ರೋ," ಎಂದು ಬೆಂಚಿನ ಕೊನೆಯಿಂದ ಒಬ್ಬ ಹೇಳಿದ. ಎಲ್ಲರೂ ನಕ್ಕರು.

ರಾಮಲಕ್ಷ್ಮಮ್ಮ ನಗಲಿಲ್ಲ. ಹೋದ ವರ್ಷ ಮಂಡಳಿ ನೋಡಲು ಎರಡು ಜೀಪಿನಲ್ಲಿ ಸಾಹೇಬರು ಬಂದಿದ್ದರು. ನಲ್ಲಬಂಡಹಳ್ಳಿಯ ಹೆಂಗಸರು ಮನೆಗೊಂದು ಸೇರು ರಾಗಿ, ಎರಡು ಕೋಳಿ ಹಾಕಿ ಅಡಿಗೆ ಮಾಡಿದ್ದರು. ಸಾಹೇಬರು ಉಂಡು, ಸಾರು ಖಾರವಾಯಿತು ಎಂದು ಹೇಳಿ, ಕೈ ತೊಳೆದು ಜೀಪು ಹತ್ತಿದ್ದರು. ಅವತ್ತು ಆ ಹೆಂಗಸರ ಮುಂದೆ ಅವಳು ಬಾಯಿ ಬಿಟ್ಟು ಹೇಳಿದ್ದಳು: ನನ್ನ ಮುಖ ನೋಡಿ ಇನ್ನೊಂದು ಸಲ ನೀವು ಬಿಟ್ಟಿ ಊಟ ಹಾಕುವ ಹಾಗೆ ಆಗೋದಿಲ್ಲ. ಆ ಮಾತು ಉಳಿದಿದ್ದರಿಂದಲೇ ಮಂಡಳಿ ಉಳಿದಿತ್ತು.

"ಆರು ರೂಪಾಯಿ ಬರೀರಿ. ಇಲ್ಲದಿದ್ರೆ ಊಟ ಇಲ್ಲ," ಎಂದಳು.

ರಾಮಾಂಜಿನಪ್ಪ ಪೆನ್ನು ತೆಗೆದ. ಆದರೆ ಸೊನ್ನೆಯನ್ನು ಮುಟ್ಟಲಿಲ್ಲ. ಪಟ್ಟಿಯ ಕೆಳಗೆ ಹದಿಮೂರನೆಯ ಹೆಸರಿನ ಮೇಲೆ ಎರಡು ಗೆರೆ ಎಳೆದ. "ಹನ್ನೆರಡು ಗಂಡಸರ ಮಧ್ಯೆ ಒಬ್ಬ ಹೆಂಗಸು ಬರೋದು ಚೆನ್ನಾಗಿರಲ್ಲ ಅಂತ ನಮ್ಮ ಅಪ್ಪಾಜಿನೂ ಅಂದ್ರು. ನಲ್ಲಬಂಡಹಳ್ಳಿಗೆ ನಾನೇ ಕಾಗದ ಬರೀತೀನಿ. ತಾಲ್ಲೂಕು ಬೋರ್ಡ್ ಮೆಂಬರ್ ಮಗ ಬರ್ತಾನೆ ಅಂದ್ರೆ ಊಟ ತಾನಾಗೇ ಬರುತ್ತೆ."

ರಾಮಲಕ್ಷ್ಮಮ್ಮ ಸೆರಗು ಬಿಗಿದುಕೊಂಡು ಸೈಕಲ್ಲಿನ ಸ್ಟ್ಯಾಂಡು ಒದ್ದಳು. ಹತ್ತುವ ಮುಂಚೆ ಒಂದು ನಿಮಿಷ ನಿಂತಳು. ಹೇಳಬೇಕೋ ಬೇಡವೋ ಎಂದು ಯೋಚಿಸಿ ಹೇಳಿಯೇಬಿಟ್ಟಳು. "ನನ್ನ ನಕ್ಷೇಲಿ ಕೆರೆ ಹಿಂದಿನ ಬೀಳಲ್ಲಿ ಒಂದು ಅಡ್ಡದಾರಿ ಇದೆ. ನಾಲ್ಕು ಮೈಲಿ ಉಳಿಯುತ್ತೆ. ಆದರೆ ಈಗ ಅಲ್ಲಿ ಹೋಗಬೇಡಿ. ಸುಗ್ಗಿ ಮುಗಿದು ದನ ತುಳಿದಾಡೋವರೆಗೂ ಅಲ್ಲಿ ಬರೀ ನೆಗ್ಗಿಲು ಮುಳ್ಳು. ಒಣಗಿ ನೆಲಕ್ಕೆ ಹರಡಿದೆ. ಕಣ್ಣಿಗೂ ಕಾಣಲ್ಲ."

"ನೋಡ್ರಪ್ಪ, ಹೆಸರು ಹೊಡೆದಾಕಿದ ತಕ್ಷಣ ಮುಳ್ಳು ಬೆಳೀತು!" ಎಂದ ರಾಮಾಂಜಿನಪ್ಪ.

"ಅಕ್ಕ ಹೇಳೋದು ನಿಜ," ಎಂದು ಅಮಾನುಲ್ಲಾ ಸಾಬರು ಒಳಗಿನಿಂದ ಹೇಳಿದರು. ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದರು. "ನಾಲ್ಕು ವರ್ಷ ಆಕೆ ಚಕ್ರದಿಂದ ಮುಳ್ಳು ಕಿತ್ತೋನು ನಾನು."

"ನಿಮಗೇನು ಸಾಬ್ರೇ, ದಾರಿ ಉದ್ದ ಆದಷ್ಟೂ ಬಾಡಿಗೆ."

"ಬಾಡಿಗೆ ದಿನದ ಲೆಕ್ಕ ಸ್ವಾಮಿ, ಮೈಲಿ ಲೆಕ್ಕ ಅಲ್ಲ," ಎಂದರು ಸಾಬರು. ಬಾಣಲೆಯ ನೀರನ್ನು ಬೀದಿಗೆ ಚೆಲ್ಲಿದರು. ಅದು ರಾಮಾಂಜಿನಪ್ಪನ ಬೂಟಿನ ಹತ್ತಿರಕ್ಕೆ ಬಂದು ನಿಂತಿತು.

ಮೂರು ದಿನದ ಮೇಲೆ ನಲ್ಲಬಂಡಹಳ್ಳಿಯಲ್ಲಿ ಅವಳಿಗೆ ಇದಕ್ಕಿಂತ ಜೋರಾಗಿ ಬಿತ್ತು. ಮಂಡಳಿಯ ಅಧ್ಯಕ್ಷೆ ಚಿಕ್ಕವೆಂಕಟಮ್ಮ ಕಣದಲ್ಲಿ ರಾಗಿ ತೂರುತ್ತಿದ್ದಳು. ಅರವತ್ತು ದಾಟಿದ ಹೆಂಗಸು. ಮಾತಿನ ಮಧ್ಯೆ ತೆಲುಗು ಬರುತ್ತಿತ್ತು, ಸಿಟ್ಟು ಬಂದರೆ ಪೂರ್ತಿ ತೆಲುಗೇ ಆಗುತ್ತಿತ್ತು.

"ಬಾಮ್ಮ ಸೇವಿಕಮ್ಮ, ಬಾ. ಕಾಗದ ಬಂತು. ಮೇಷ್ಟ್ರು ಓದಿದ್ರು. 'ಹನ್ನೆರಡು ಜನಕ್ಕೆ ಹಿತಕಬೇಳೆ ಸಾರು, ಮುದ್ದೆ, ಅನ್ನ, ಮಜ್ಜಿಗೆ ತಯಾರಿಟ್ಟಿರತಕ್ಕದ್ದು.' ತಕ್ಕದ್ದಂತೆ! ಯಾರಮ್ಮ ಈ ದೊರೆಗಳು? ನಿನ್ನ ಕಡೆಯೋರಾ?"

"ನನ್ನ ಕಡೆಯೋರಲ್ಲ. ಕಾಸು ಕೊಡಿ ಅಂದೆ, ಅದಕ್ಕೆ ನನ್ನ ಹೆಸರು ಹೊಡೆದಾಕಿದ್ರು."

"ಹೋದ ವರ್ಷ ಸಾಹೇಬರು ಬಂದಾಗ್ಲೂ ಹಿಂಗೇ ಆಯ್ತು. ನಿನ್ನ ಮಾತು ಕೇಳಿ ನನ್ನ ಹುಂಜ ಹೋಯ್ತು." ಅವಳು ಮೊರ ಕುಕ್ಕಿದಳು. ಕಣದಲ್ಲಿದ್ದ ಇನ್ನೂ ನಾಲ್ಕು ಹೆಂಗಸರು ಕೆಲಸ ನಿಲ್ಲಿಸಿ ಇವಳ ಕಡೆ ನೋಡಿದರು. ಯಾರೂ ಕೂತ್ಕೋ ಎನ್ನಲಿಲ್ಲ.

"ಅಡಿಗೆ ಮಾಡಬೇಡಿ ಹಾಗಾದ್ರೆ," ಎಂದಳು ರಾಮಲಕ್ಷ್ಮಮ್ಮ.

"ಅದು ಹೆಂಗಾಗುತ್ತಮ್ಮ? ಊರಿಗೆ ಬಂದೋರನ್ನ ಮಧ್ಯಾಹ್ನದ ಹೊತ್ತಲ್ಲಿ ಹಸಿದ ಹೊಟ್ಟೇಲಿ ಕಳಿಸಿದ್ವಿ ಅಂತ ಮಾತು ಬರಬೇಕಾ?" ಚಿಕ್ಕವೆಂಕಟಮ್ಮ ಮೊರ ಎತ್ತಿ ರಾಗಿಯ ರಾಶಿಗೆ ಒರಗಿಸಿದಳು. "ಇಲ್ಲಿ ಕೇಳು. ಹಸಿದು ಬಂದೋರಿಗೆ ಇಕ್ಕೋದು ಬೇರೆ. ಕಾಗದ ಬರೆದು ಹೇಳಿ ಮಾಡಿಸ್ಕೊಳ್ಳೋದು ಬೇರೆ. ಹಸಿದೋರಿಗೆ ನಾವು ಇಕ್ತೀವಿ, ಕಾಸು ಮುಟ್ಟಲ್ಲ. ಹೇಳಿ ಮಾಡಿಸ್ಕೊಂಡೋರು ಕೊಡಬೇಕು. ಹೋಟ್ಲಲ್ಲಿ ಕೊಡಲ್ವಾ? ಈ ಮಾತನ್ನ ನೀನು ಅವರಿಗೆ ನಮ್ಮ ಎದುರಿಗೇ ಹೇಳಬೇಕು. ಹೇಳಲಿಲ್ವೋ, ಮಂಡಳಿ ಪುಸ್ತಕ ತಗೊಂಡು ಹೊರಟೋಗು. ಮತ್ತೆ ಈ ಊರಿಗೆ ಬರಬೇಡ."

ಆಗಲಿ ಎಂದು ರಾಮಲಕ್ಷ್ಮಮ್ಮ ಒಪ್ಪಿಕೊಂಡಳು.

ಪ್ರವಾಸದ ದಿನ ಭಾನುವಾರ. ಬೆಳಿಗ್ಗೆ ಫೋಟೋ ತೆಗೆಸಿಕೊಂಡು ಹನ್ನೆರಡು ಜನ ಬೆಲ್ಲು ಬಾರಿಸುತ್ತ ಹೊರಟರು. ಅವರು ಹೋದ ಅರ್ಧ ಗಂಟೆಯ ಮೇಲೆ ರಾಮಲಕ್ಷ್ಮಮ್ಮ ಒಬ್ಬಳೇ ಹೊರಟಳು. ಅಮಾನುಲ್ಲಾ ಸಾಬರು ಅವಳನ್ನು ತಡೆದು ಒಂದು ತಗಡಿನ ಡಬ್ಬಿ ಕೊಟ್ಟರು. ಅದರಲ್ಲಿ ಸೊಲ್ಯೂಷನ್ನು, ಉಜ್ಜುವ ಕಾಗದ, ಕತ್ತರಿಸಿಟ್ಟ ಪ್ಯಾಚುಗಳಿದ್ದವು. "ಅವರಿಗೆ ಹತ್ತು ಪ್ಯಾಚು ಕೊಟ್ಟಿದ್ದೀನಿ. ಜಾಸ್ತಿ ಬೇಡ ಅಂದ್ರು. ಏಳನೇ ನಂಬರ್ ಸೈಕಲ್ಲಲ್ಲಿ ಹೊಸ ಟ್ಯೂಬಿದೆ ಅಕ್ಕ. ಅದೊಂದನ್ನ ಉಳಿಸಿಕೊಡಿ. ಮಿಕ್ಕಿದ್ದು ನಿಮ್ಮಿಷ್ಟ."

ಅವಳು ಬೀಳಿನ ಕಡೆ ತಿರುಗಲಿಲ್ಲ. ನಾಲ್ಕು ಮೈಲಿ ಸುತ್ತು ಹಾಕಿ, ಅವರೆ ಹೊಲಗಳ ಪಕ್ಕದ ಮಣ್ಣು ರಸ್ತೆಯಲ್ಲಿ ಹೋದಳು. ಅವರೆಯ ಸೊಗಡು ಗಾಳಿಯಲ್ಲಿತ್ತು. ಒಂದು ಇಳಿಜಾರಿನಲ್ಲಿ ಪೆಡಲ್ ಬಿಟ್ಟು ಕಾಲು ಚಾಚಿದಳು. ಅಷ್ಟೇ ಅವಳ ಪ್ರವಾಸ. ಹನ್ನೊಂದೂವರೆಗೆ ನಲ್ಲಬಂಡಹಳ್ಳಿಯ ಅರಳಿಕಟ್ಟೆ ತಲುಪಿದಾಗ ಮಿತ್ರ ವೃಂದದವರು ಇನ್ನೂ ಬಂದಿರಲಿಲ್ಲ.

ಹನ್ನೆರಡಾಯಿತು, ಒಂದಾಯಿತು. ಮುದ್ದೆ ಆರಿತು ಎಂದು ಹೆಂಗಸರು ಅವಳನ್ನೇ ಬೈದರು. ಎರಡು ಗಂಟೆಗೆ ಕೆರೆಯ ಕಡೆಯಿಂದ ಧೂಳಿನಲ್ಲಿ ಒಂದು ಸಾಲು ಕಾಣಿಸಿತು. ಒಬ್ಬರೂ ಸೈಕಲ್ಲಿನ ಮೇಲಿರಲಿಲ್ಲ. ಹನ್ನೆರಡು ಜನರೂ ತಳ್ಳಿಕೊಂಡು ಬರುತ್ತಿದ್ದರು. ಇಪ್ಪತ್ತನಾಲ್ಕು ಚಕ್ರದಲ್ಲಿ ಮೂರರಲ್ಲಿ ಮಾತ್ರ ಗಾಳಿಯಿತ್ತು. ಹಾರದ ಹೂವು ಹ್ಯಾಂಡಲಿನಲ್ಲಿ ಬಾಡಿ ನೇತಾಡುತ್ತಿತ್ತು.

ರಾಮಾಂಜಿನಪ್ಪ ಸೈಕಲ್ಲನ್ನು ಕಟ್ಟೆಗೆ ಎಸೆದ ಹಾಗೆ ಒರಗಿಸಿದ. "ನೀವೇ ಅಲ್ವೇನ್ರೀ? ಮೊದಲೇ ಬಂದು ಮುಳ್ಳು ಸುರಿಸಿದ್ದೀರಿ! ಇಲ್ಲದಿದ್ರೆ ಎಲ್ಲ ಚಕ್ರಕ್ಕೂ ಹೆಂಗೆ ಹೊಕ್ಕುತ್ತೆ?"

ರಾಮಲಕ್ಷ್ಮಮ್ಮ ಉತ್ತರ ಕೊಡುವ ಮುಂಚೆ ಚಿಕ್ಕವೆಂಕಟಮ್ಮ ಬಗ್ಗಿ ಅವನ ಹಿಂದಿನ ಚಕ್ರದಿಂದ ಒಂದು ಮುಳ್ಳು ಕಿತ್ತಳು. "ನೆಗ್ಗಿಲು ಬಿತ್ತೋರು ಯಾರಾದ್ರೂ ಇದ್ದಾರೇನಪ್ಪ ಲೋಕದಲ್ಲಿ? ಇದು ನಾವು ದಿನಾ ತುಳಿಯೋದು. ನಮ್ಮ ಕಾಲಿಗೆ ಗಾಳಿ ತುಂಬಿಲ್ಲ, ಅದಕ್ಕೆ ಇಳಿಯಲ್ಲ ಅಷ್ಟೇ." ಹೆಂಗಸರು ನಕ್ಕರು. ಕಟ್ಟೆಯ ಸುತ್ತ ಸೇರಿದ್ದ ಊರಿನವರೂ ನಕ್ಕರು.

"ಸರಿ ಸರಿ. ಊಟ ಬಡಿಸಿ," ಎಂದ ರಾಮಾಂಜಿನಪ್ಪ.

ಹೆಂಗಸರು ಅಲುಗಲಿಲ್ಲ. ಚಿಕ್ಕವೆಂಕಟಮ್ಮ ರಾಮಲಕ್ಷ್ಮಮ್ಮನ ಮುಖ ನೋಡಿದಳು.

ರಾಮಲಕ್ಷ್ಮಮ್ಮ ಮುಂದೆ ಬಂದು ನಿಂತಳು. ಅವಳಿಗೆ ರಾಮಾಂಜಿನಪ್ಪನ ಅಪ್ಪನ ಕುರ್ಚಿ ನೆನಪಾಯಿತು, ತನ್ನ ತಿಂಗಳ ಸಂಬಳವೂ ನೆನಪಾಯಿತು. ಆಮೇಲೆ ಹೇಳಿದಳು. "ನೀವು ಕಾಗದ ಬರೆದು ಹೇಳಿ ಮಾಡಿಸಿದ ಊಟ ಇದು. ತಲೆಗೆ ಎಂಟಾಣೆ. ಮಂಡಳಿ ಡಬ್ಬಿಗೆ ಹಾಕಿ ಕೂತ್ಕೊಳ್ಳಿ."

"ಕೊಡದಿದ್ರೆ?"

"ಕೊಡದಿದ್ರೂ ಊಟ ಇದೆ ಕಣಪ್ಪ," ಎಂದಳು ಚಿಕ್ಕವೆಂಕಟಮ್ಮ. "ಅಮ್ಮಾ ಹಸಿವು ಅನ್ನು, ಇಕ್ತೀವಿ. ಒಂದು ಕಾಸೂ ಬೇಡ. ನಮ್ಮ ಊರಲ್ಲಿ ಹಂಗೆ ಕೇಳಿದೋರಿಗೆ ಇಲ್ಲ ಅಂದಿಲ್ಲ."

ಹಿತಕಬೇಳೆಯ ಘಮ ಕಟ್ಟೆಯ ಮೇಲೆಲ್ಲ ಹರಡಿತ್ತು. ಬೆಳಿಗ್ಗೆ ಕುಡಿದ ಕಾಫಿ ಬಿಟ್ಟರೆ ಹನ್ನೆರಡು ಜನರ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಸಾಲಿನ ಹಿಂದೆ ಇದ್ದ ಮುನಿಶಾಮಪ್ಪ, ಅಂಚೆ ಕಚೇರಿಯ ಗುಮಾಸ್ತ, ಬೂಟು ಕಳಚಿ ಮುಂದೆ ಬಂದ.

"ಅಮ್ಮಾ, ಹಸಿವು," ಎಂದ.

"ಕೂಚೋ ನಾಯನಾ," ಎಂದು ಚಿಕ್ಕವೆಂಕಟಮ್ಮ ಅವನನ್ನು ಕೂರಿಸಿ ತಾನೇ ಎಲೆ ಹಾಕಿದಳು. ಮುದ್ದೆಯ ಮೇಲೆ ಕೈಯಾರೆ ತುಪ್ಪ ಬಿಟ್ಟಳು.

ಉಳಿದ ಹನ್ನೊಂದು ಜನ ಅವನು ಉಣ್ಣುವುದನ್ನು ನೋಡಿದರು. ಮತ್ತೊಬ್ಬ ಬಾಯಿ ತೆರೆಯುವುದರಲ್ಲಿದ್ದ. ರಾಮಾಂಜಿನಪ್ಪ ಅವನ ಕಡೆ ತಿರುಗಿ, "ಭಿಕ್ಷೆ ಎತ್ತಕ್ಕೆ ಬಂದ್ಯೇನೋ?" ಎಂದು ಗದರಿಸಿದ. ಜೇಬಿನಿಂದ ನೋಟು ತೆಗೆದು, ಚಿಲ್ಲರೆ ಸೇರಿಸಿ, ಐದೂವರೆ ರೂಪಾಯಿಯನ್ನು ರಾಮಲಕ್ಷ್ಮಮ್ಮನ ಕಾಲ ಹತ್ತಿರ ನೆಲಕ್ಕೆ ಹಾಕಿದ. ಅವಳು ಬಗ್ಗಲಿಲ್ಲ. ಚಿಕ್ಕವೆಂಕಟಮ್ಮನೂ ಬಗ್ಗಲಿಲ್ಲ. ದುಡ್ಡು ಧೂಳಿನಲ್ಲೇ ಇತ್ತು, ಊಟದ ಎಲೆಗಳು ಹಾಸದೆ ಕಟ್ಟಿನಲ್ಲೇ ಇದ್ದವು. ಕೊನೆಗೆ ಅವನೇ ಆರಿಸಿ ಡಬ್ಬಿಗೆ ಹಾಕಿದ. ಒಂದು ನಾಲ್ಕಾಣೆ ಕಟ್ಟೆಯ ಸಂದಿಗೆ ಉರುಳಿತ್ತು. ಅದಕ್ಕೂ ಕೈ ಹಾಕಿ ತೆಗೆಯಬೇಕಾಯಿತು.

ಊಟ ಆಗುವವರೆಗೆ ರಾಮಲಕ್ಷ್ಮಮ್ಮ ಏಳನೇ ನಂಬರ್ ಸೈಕಲ್ಲಿನ ಎರಡೂ ಚಕ್ರ ಬಿಚ್ಚಿ ಪ್ಯಾಚು ಹಾಕಿದಳು. ಪ್ಯಾಚಿನ ಡಬ್ಬಿಯನ್ನು ಕಟ್ಟೆಯ ಮೇಲೆ ಇಟ್ಟು, "ಉಳಿದದ್ದು ನೀವು ಹಾಕ್ಕೊಳ್ಳಿ," ಎಂದಳು. ಅವರಿಗೆ ಟೈರು ಬಿಚ್ಚಲು ಬರುತ್ತಿರಲಿಲ್ಲ. ಮುನಿಶಾಮಪ್ಪನಿಗೆ ಬರುತ್ತಿತ್ತು, ಅವನು ತನ್ನದನ್ನು ಮಾತ್ರ ಸರಿ ಮಾಡಿಕೊಂಡ. ಕೈವಾರಕ್ಕೆ ಯಾರೂ ಹೋಗಲಿಲ್ಲ. ರಾತ್ರಿಯ ಹೊತ್ತಿಗೆ ಹತ್ತು ಸೈಕಲ್ಲು ಒಂದು ಎತ್ತಿನ ಗಾಡಿಯ ಮೇಲೆ ಪೇಟೆಗೆ ವಾಪಸು ಬಂದವು.

ಅವಳ ಮೇಲೆ ದೂರಿನ ಅರ್ಜಿ ಹದಿನೈದು ದಿನಕ್ಕೆ ಕಚೇರಿಗೆ ಬಂತು. ಸೇವಿಕೆ ಗಣ್ಯ ಮನೆತನದ ಯುವಕರನ್ನು ಹಳ್ಳಿಯವರ ಮುಂದೆ ಅವಮಾನಿಸಿದ್ದಾಳೆ, ಸರ್ಕಾರಿ ಸೈಕಲ್ಲನ್ನು ರಜೆಯ ದಿನ ವಿಹಾರಕ್ಕೆ ಬಳಸಿದ್ದಾಳೆ ಎಂದು ಅದರಲ್ಲಿತ್ತು. ಸಹಿ ಯಾರದೆಂದು ಅವಳಿಗೆ ತೋರಿಸಲಿಲ್ಲ. ಗೌರಿಬಿದನೂರಿನ ಕಡೆ ಒಂದು ಊರಿಗೆ ವರ್ಗವಾಯಿತು. ಅಲ್ಲಿಗೆ ಬಸ್ಸಿದೆ, ಸೈಕಲ್ಲು ಬೇಕಿಲ್ಲ ಎಂದು ಆರ್ಡರಿನ ಕೊನೆಯಲ್ಲಿ ಬರೆದಿತ್ತು.

ಹೊರಡುವ ದಿನ ಸೈಕಲ್ಲನ್ನು ಕಚೇರಿಯ ಉಗ್ರಾಣಕ್ಕೆ ಒಪ್ಪಿಸಿದಳು. ಉಗ್ರಾಣದವನು ಕೂತು ಬರೆದುಕೊಂಡ: ಸೀಟು ಒಂದು, ಬೆಲ್ಲು ಒಂದು, ಪಂಪು ಒಂದು, ಟೈರು ಎರಡು. ಚಕ್ರ ತಿರುಗಿಸಿ, ಟೈರಿನ ಮೇಲೆ ಅಂಗೈ ಸವರಿ ನೋಡಿದ. ಒಂದು ಮುಳ್ಳೂ ಸಿಗಲಿಲ್ಲ. ಚಕ್ರ ಇನ್ನೂ ತಿರುಗುತ್ತಿರುವಾಗಲೇ ಅವಳು ಸಹಿ ಹಾಕಿದಳು.

ನಲ್ಲಬಂಡಹಳ್ಳಿಯ ಮಂಡಳಿಗೆ ಐದೂವರೆ ರೂಪಾಯಿ ಬಂತು. ರಾಮಲಕ್ಷ್ಮಮ್ಮನ ಸೈಕಲ್ಲು ಹೋಯಿತು.