ಸೂರಿನ ಲೋಟ

ಶಿವನಂಜಯ್ಯನಿಗೆ ಹೊಸ ಟೀಚರ್ ಮೇಲೆ ಅನುಮಾನ ಹುಟ್ಟಿದ್ದು ಅವರು ನಡತೆ ಪಾಠ ಶುರು ಮಾಡಿದ ವಾರವೇ. ಆಶಾರಾಣಿ ಟೀಚರ್ ಯಳಂದೂರಿನ ಕಡೆಯಿಂದ ವರ್ಗವಾಗಿ ಬಂದವರು. ಕೊಳ್ಳೇಗಾಲದಿಂದ ಬಸ್ಸಿನಲ್ಲಿ ಕಾಮಗೆರೆಗೆ ಬಂದು, ಅಲ್ಲಿಂದ ಆಟೋ ಹಿಡಿದು ಊರಿನ ಸರ್ಕಾರಿ ಶಾಲೆಗೆ ಬರುತ್ತಿದ್ದರು. ಶನಿವಾರ ಬಂತೆಂದರೆ ಲೆಕ್ಕದ ಪುಸ್ತಕ ಮುಚ್ಚಿಸಿ ಮಕ್ಕಳಿಗೆ ಸತ್ಯ, ದಯೆ, ಹಂಚಿಕೊಳ್ಳುವುದು ಅಂತ ಹೇಳಿಕೊಡುತ್ತಿದ್ದರು. ಅಷ್ಟೇ ಆಗಿದ್ದರೆ ಯಾರ ಗಂಟೇನು ಹೋಗುತ್ತಿತ್ತು? ಆದರೆ ನಿಮ್ಮ ಮನೆಗೆ ಬಂದವರನ್ನು ಎಲ್ಲಿ ಕೂರಿಸುತ್ತೀರಿ, ಏನು ಕೊಡುತ್ತೀರಿ ಎಂದೂ ಮಕ್ಕಳನ್ನು ಕೇಳಿದ್ದರಂತೆ. ಮೂರನೇ ಕ್ಲಾಸಿನ ಮಗಳು ರತ್ನ ಬಂದು ಹೇಳಿದಾಗ ಶಿವನಂಜಯ್ಯನಿಗೆ ಬಾಯಲ್ಲಿದ್ದ ಮುದ್ದೆ ಇಳಿಯಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾಯಮಾನ ಅವನದು. ನಮ್ಮೂರಲ್ಲಿ ಮೇಲು ಕೀಳು ಏನೂ ಇಲ್ಲ, ಎಲ್ಲರೂ ಒಂದೇ ಎಂದು ಭಾಷಣ ಮಾಡಿ ಶಾಲಾ ಸಮಿತಿಯ ಅಧ್ಯಕ್ಷನಾಗಿದ್ದವನು. ಮನೆಯ ಹಿಂದಿನ ಕೊಟ್ಟಿಗೆಯ ಸೂರಿನಲ್ಲಿ ಮಾತ್ರ ಅಂಚು ನೆಗ್ಗಿದ ಒಂದು ಸ್ಟೀಲ್ ಲೋಟ ಸಿಕ್ಕಿಸಿರುತ್ತಿತ್ತು. ರತ್ನ ಶಾಲೆಗೆ ಹೋದ ಮೇಲೆ, ಅರಿಶಿನದ ಹೊಲಕ್ಕೆ ಆಳಾಗಿ ಬರುವ ಕಾಲೋನಿಯ ಚಿಕ್ಕಮಾದಪ್ಪ ಅದನ್ನು ಇಳಿಸಿ ಹಿಡಿಯುತ್ತಿದ್ದ. ಶಿವನಂಜಯ್ಯನ ಹೆಂಡತಿ ಮೇಲಿನಿಂದ ಕಾಫಿ ಹುಯ್ಯುತ್ತಿದ್ದಳು. ಕುಡಿದು, ತಾನೇ ತೊಳೆದು, ಮತ್ತೆ ಅಲ್ಲೇ ಸಿಕ್ಕಿಸುವುದು ಅವನ ಪಾಡು. ಅಪ್ಪನ ಕಾಲದಲ್ಲಿ ಅಲ್ಲಿದ್ದದ್ದು ತೆಂಗಿನ ಚಿಪ್ಪು. ಸ್ಟೀಲ್ ತಂದವನು ತಾನು, ಅದೇ ದೊಡ್ಡ ಸುಧಾರಣೆ ಎಂದು ಶಿವನಂಜಯ್ಯ ನಂಬಿದ್ದ.

ಇದನ್ನು ಯಾರೋ ಟೀಚರ್ ಕಿವಿಗೆ ಊದಿದ್ದಾರೆ ಎಂಬ ಗುಮಾನಿ ಅವನಿಗೆ. ಚಿಕ್ಕಮಾದಪ್ಪನೇ ಇರಬಹುದೇ? ಅವನ ಮಗಳೂ ರತ್ನಳ ಕ್ಲಾಸಿನಲ್ಲೇ ಇದ್ದಳು. ಹೊಲದಲ್ಲಿ ಅವನ ಮುಖವನ್ನು ಕದ್ದು ಕದ್ದು ನೋಡಿದ, ಏನೂ ಸಿಗಲಿಲ್ಲ. ಹನೂರಿಗೆ ಹೋದಾಗ ಪರಿಚಯದ ಮೇಷ್ಟರೊಬ್ಬರನ್ನು ಹಿಡಿದು, ಆಯಮ್ಮ ಎಂಥವರು ಎಂದು ವಿಚಾರಿಸಿದ. ತುಂಬಾ ಒಳ್ಳೆಯವರು ಎಂದರು. ಅದನ್ನು ಕೇಳಿ ಇನ್ನಷ್ಟು ಹೆದರಿದ.

ಅಷ್ಟರಲ್ಲಿ ಶಾಲೆಯಿಂದ ಕರೆ ಬಂತು. ಶನಿವಾರ ಅಪ್ಪ ಅಮ್ಮಂದಿರೆಲ್ಲ ಬರಬೇಕು. ಪ್ರತಿ ಮಗುವೂ ಮನೆಯಿಂದ ಒಂದು ಲೋಟ ತರಬೇಕು. ಎಲ್ಲವನ್ನೂ ಒಂದೇ ಮೇಜಿನ ಮೇಲಿಟ್ಟು ಪಾನಕ ತುಂಬುತ್ತಾರೆ. ಮಕ್ಕಳು ಕೈಗೆ ಸಿಕ್ಕ ಲೋಟ ಎತ್ತಿ, ತಮ್ಮ ಮನೆಯವರಲ್ಲದ ಒಬ್ಬರಿಗೆ ಕೊಡಬೇಕು. ಇದು ತನಗೇ ಒಡ್ಡಿದ ಬಲೆ ಎಂದು ಶಿವನಂಜಯ್ಯನಿಗೆ ಖಾತ್ರಿಯಾಯಿತು. ಹೋಗದಿದ್ದರೆ ಅಧ್ಯಕ್ಷಗಿರಿಯ ಮಾನ ಹೋಗುತ್ತದೆ.

"ಒಳಗಿನ್ ಲೋಟ ಮುಟ್ಬ್ಯಾಡ ಕಣವ್ವ," ಎಂದು ಮಗಳಿಗೆ ತಾಕೀತು ಮಾಡಿದ. "ಯಾರ್ಯಾರ್ ಬಾಯಿಗ್ ಓಯ್ತದೋ ಏನೋ. ಬ್ಯಾರೆ ಯಾವ್ದಾರ ತಕಂಡೋಗು."

ರತ್ನ ಆಗಲಿ ಎಂದು ತಲೆಯಾಡಿಸಿದಳು.

ಶಾಲೆಯ ಜಗಲಿಯಲ್ಲಿ ಜಮಖಾನ ಹಾಸಿದ್ದರು. ಅಧ್ಯಕ್ಷನಿಗೆಂದು ಕುರ್ಚಿ ಇರಲಿಲ್ಲ, ಎಲ್ಲರಿಗೂ ಒಂದೇ ಸಾಲು. ಪಕ್ಕದಲ್ಲಿ ಚಿಕ್ಕಮಾದಪ್ಪ ಒಗೆದ ಅಂಗಿ ತೊಟ್ಟು ಮುದುರಿ ಕೂತಿದ್ದ. ಇದೂ ಟೀಚರ್ ಕೈವಾಡವೇ ಎಂದು ಶಿವನಂಜಯ್ಯ ಹಲ್ಲು ಕಚ್ಚಿದ. ಚಿಕ್ಕಮಾದಪ್ಪನ ಮಗಳು ನಗುತ್ತ ಬಂದು ಎರಡೂ ಕೈಯಿಂದ ಶಿವನಂಜಯ್ಯನಿಗೆ ಲೋಟ ನೀಡಿದಳು. ತೆಗೆದುಕೊಂಡ ಮೇಲೆ ನೆಗ್ಗಿದ ಅಂಚು ಕಣ್ಣಿಗೆ ಬಿತ್ತು. ಒಳಗಿನದು ಮುಟ್ಟಬೇಡ ಎಂದದ್ದಕ್ಕೆ ರತ್ನ ಹೊರಗಿದ್ದ ಒಂದೇ ಲೋಟವನ್ನು ತಂದಿದ್ದಳು.

ಎಲ್ಲರೂ ಒಟ್ಟಿಗೆ ಕುಡಿಯಿರಿ ಎಂದರು ಟೀಚರ್. ಕೆಳಗಿಟ್ಟರೆ ಏಕೆಂದು ಹೇಳಬೇಕು. ಕುಡಿಯೋಣವೆಂದರೆ ಕೈ ಮೇಲೇಳದು. ಚಿಕ್ಕಮಾದಪ್ಪ ಲೋಟವನ್ನು ನೋಡಿದ, ಶಿವನಂಜಯ್ಯನ ಮುಖವನ್ನು ನೋಡಿದ, ಹೊರಲಾರದ ಮೂಟೆಗೆ ಕೈ ಕೊಡುವವನಂತೆ ಕೈ ಚಾಚಿದ.

"ಕೊಡಿ ಬುದ್ಧಿ, ಅದು ನನ್ ಲೋಟ," ಎಂದು ಮೆಲ್ಲಗೆ ಹೇಳಿ, ತನ್ನ ಕೈಯಲ್ಲಿದ್ದುದನ್ನು ಮುಂದೆ ಹಿಡಿದ.

ಶಿವನಂಜಯ್ಯನಿಗೆ ಹೋದ ಜೀವ ಬಂದಂತಾಯಿತು. ಹಿಂದುಮುಂದು ಯೋಚಿಸದೆ ಲೋಟ ಬದಲಾಯಿಸಿಕೊಂಡ.

ಎದುರಿಗೇ ನಿಂತಿದ್ದ ರತ್ನ ಎಲ್ಲವನ್ನೂ ನೋಡಿದ್ದಳು, ಕೇಳಿಸಿಕೊಂಡಿದ್ದಳು. ಅವಳಿಗೆ ಸತ್ಯದ ಪಾಠವೂ ಆಗಿತ್ತು.

"ಅದು ಅವ್ರ ಲೋಟನಾ?" ಎಂದಳು, ಎಲ್ಲರಿಗೂ ಕೇಳುವಂತೆ. "ಅಂಗಾರೆ ನಮ್ಮನೆ ಕೊಟ್ಗೆ ಸೂರಲ್ ಯಾಕಪ್ಪ ಇತ್ತು?"

ಕುಡಿಯುತ್ತಿದ್ದವರ ಲೋಟಗಳು ಬಾಯಿಯ ಬಳಿಯೇ ನಿಂತವು. ಶಿವನಂಜಯ್ಯ ಟೀಚರ್ ಮುಖ ನೋಡಿದ. ಅಲ್ಲೊಂದು ಗೆದ್ದ ನಗುವಿದ್ದರೆ, ಇದೆಲ್ಲ ಇವರದೇ ಸಂಚು ಎಂದಾದರೂ ಕೂಗಾಡಬಹುದಿತ್ತು. ಆದರೆ ಆಶಾರಾಣಿ ಟೀಚರ್‌ಗೆ ಏನೊಂದೂ ಅರ್ಥವಾಗಿರಲಿಲ್ಲ. ರತ್ನಳ ಪಕ್ಕದಲ್ಲಿ ನಿಂತು, ಅವರೂ ಅವನ ಉತ್ತರಕ್ಕೆ ಕಾಯುತ್ತಿದ್ದರು.